ಅಚ್ಚು, ಕೀಲು, ಕೀಲೆಣ್ಣೆ

ಎತ್ತಿನ ಗಾಡಿಯ ಕಾಲದಲ್ಲಿ ದೂರದ ಊರಿಗೆ ಹೊರಟವನು ಬುತ್ತಿಯನ್ನು ಮರೆತರೂ ಕೀಲೆಣ್ಣೆಯನ್ನು ಮರೆಯುತ್ತಿರಲಿಲ್ಲ. ಅಚ್ಚು ಎಷ್ಟೇ ಗಟ್ಟಿಯಾಗಿರಲಿ, ಚಕ್ರದ ಗುಂಬ ಎಷ್ಟೇ ಒಳ್ಳೆಯ ಮರದ್ದಾಗಿರಲಿ, ಎಣ್ಣೆಯಾರಿದ ಕೀಲು ನಾಲ್ಕು ಹರಿದಾರಿ ಸಾಗುವುದರೊಳಗೆ ಕಿರುಗುಟ್ಟಿ ಊರಿಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು. ಈಗ ಎತ್ತುಗಳ ಜಾಗಕ್ಕೆ ಎಂಜಿನ್ ಬಂದಿದೆ, ಮರದ ಜಾಗಕ್ಕೆ ಉಕ್ಕು ಬಂದಿದೆ. ಕೀಲಿನ ಕಥೆ ಮಾತ್ರ ಅಷ್ಟಾಗಿ ಬದಲಾಗಿಲ್ಲ.

ಮೂಡಿಗೆರೆ, ಸಕಲೇಶಪುರ, ಮಡಿಕೇರಿಗಳ ಕಡೆಯ ತೋಟದ ದಾರಿಗಳಲ್ಲಿ ಹಳೆಯ ಫೋರ್ ವೀಲ್ ಗಾಡಿಯೊಂದು ಗೇಟಿನ ಮುಂದೆ ಪೂರಾ ತಿರುವು ತೆಗೆದುಕೊಳ್ಳುವಾಗ ಮುಂದಿನ ಚಕ್ರದ ಬಳಿಯಿಂದ ‘ಟಕ್, ಟಕ್, ಟಕ್’ ಎಂದು ಸದ್ದು ಹೊರಡುವುದುಂಟು. ಸ್ಟಿಯರಿಂಗ್ ನೇರವಾದೊಡನೆ ಸದ್ದು ಅಡಗುತ್ತದೆ. ಅಡಗಿತಲ್ಲ ಎಂದು ಯಜಮಾನರು ಸಮಾಧಾನ ತಾಳುತ್ತಾರೆ. ಇನ್ನೊಂದು ಮಳೆಗಾಲ ಕಳೆಯುವ ಹೊತ್ತಿಗೆ ನೇರ ದಾರಿಯಲ್ಲಿಯೂ ಸದ್ದು ಕೇಳತೊಡಗುತ್ತದೆ. ಆಗ ಮೆಕ್ಯಾನಿಕ್ಕನು ಗಾಡಿಯ ಅಡಿಗೆ ತೂರಿ ಹೊರಬಂದು, ಕೈಯೊರೆಸಿಕೊಳ್ಳುತ್ತ, “ಆಕ್ಸಲ್ ಹೋಗಿದೆ ಸ್ವಾಮಿ, ಬೇರೆ ಹಾಕಿಸಬೇಕು” ಎನ್ನುತ್ತಾನೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋದರೆ ಅಲ್ಲಿಯ ಪ್ರಶ್ನೆಯೇ ಬೇರೆ: “ಕಂಪನಿ ಮಾಲು ಬೇಕೋ, ಲೋಕಲ್ ಸಾಕೋ?”

ಎರಡರ ಬೆಲೆಗೂ ಅಜಗಜಾಂತರ. ಗಾಡಿಗಾದರೋ ಹದಿನೈದು ವರ್ಷ ತುಂಬಿ, ನೋಂದಣಿಯನ್ನು ನವೀಕರಿಸಿಕೊಂಡು, ಮನೆಯ ಹಿರಿಯರಂತೆ ಒಂದು ಮೂಲೆಯಲ್ಲಿ ನಿಂತಿರುತ್ತದೆ. ಅದಕ್ಕಿಷ್ಟು ಹಣ ಸುರಿಯಬೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ಆದರೆ ಈ ಭಾಗ ಮುರಿಯುವುದು ಷೆಡ್ಡಿನಲ್ಲಿ ನಿಂತಿರುವಾಗ ಅಲ್ಲ. ಕೆಸರಿನಲ್ಲಿ, ಏರಿನಲ್ಲಿ, ನಾಲ್ಕೂ ಚಕ್ರಗಳ ಬಲ ಬೇಕೇಬೇಕಾದ ಗಳಿಗೆಯಲ್ಲಿ. ಮಕ್ಕಳನ್ನು ಕೂರಿಸಿಕೊಂಡು ಆಷಾಢದ ಮಳೆಯಲ್ಲಿ ಅಜ್ಜಿಯ ಮನೆಗೆ ಹೊರಟ ಕುಟುಂಬಕ್ಕೆ ಈ ಪ್ರಶ್ನೆಯ ಉತ್ತರ ಬರಿಯ ಲೆಕ್ಕಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಬಾಗಿಯೂ ಕುಂಟದ ಕೀಲು

ಹಿಂದಿನ ಚಕ್ರಕ್ಕೆ ಬಲ ಮುಟ್ಟಿಸುವುದು ಸುಲಭ. ಅದು ಎಡಕ್ಕೂ ಬಲಕ್ಕೂ ತಿರುಗುವುದಿಲ್ಲ. ಮುಂದಿನ ಚಕ್ರದ ಕಷ್ಟ ಬೇರೆ. ಅದು ಉರುಳುತ್ತಲೇ ಪಕ್ಕಕ್ಕೆ ಹೊರಳಬೇಕು. ಹೊಂಡಕ್ಕೆ ಇಳಿಯಬೇಕು, ದಿಣ್ಣೆಗೆ ಏಳಬೇಕು. ಇದೆಲ್ಲದರ ನಡುವೆ ಎಂಜಿನ್ನಿನ ಬಲ ಎಡೆಬಿಡದೆ ಅದಕ್ಕೆ ಮುಟ್ಟುತ್ತಲೂ ಇರಬೇಕು.

ಬಾಗುವ ಅಚ್ಚು ಮನುಷ್ಯನಿಗೆ ಹೊಸದೇನಲ್ಲ. ಎರಡು ಕವೆಗಳ ನಡುವೆ ಶಿಲುಬೆಯಾಕಾರದ ತುಂಡೊಂದನ್ನು ಕೂರಿಸಿದ ಕೀಲು ಹದಿನೇಳನೆಯ ಶತಮಾನದಿಂದಲೂ ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿಯ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಲಾರಿಯ ಹೊಟ್ಟೆಯಡಿಯ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಇಂದಿಗೂ ಅದೇ ಇದೆ. ಆದರೆ ಅದಕ್ಕೊಂದು ದುರ್ಗುಣವಿದೆ. ಬಾಗಿದಾಗ ಅದು ಕುಂಟುತ್ತದೆ. ಒಳಗಿನ ತುದಿ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಹೊರಗಿನ ತುದಿ ಪ್ರತಿ ಸುತ್ತಿಗೆ ಎರಡು ಬಾರಿ ಮುಂದೋಡಿ ಎರಡು ಬಾರಿ ಹಿಂದುಳಿಯುತ್ತದೆ. 30 ಡಿಗ್ರಿ ಬಾಗಿದಾಗ ಈ ಏರಿಳಿತ ಮೇಲಕ್ಕೆ ಶೇಕಡಾ 15ರಷ್ಟು, ಕೆಳಕ್ಕೆ ಶೇಕಡಾ 13ರಷ್ಟು. ಸ್ಟಿಯರಿಂಗ್ ಹಿಡಿದವನ ಕೈ ನಡುಗುವುದಕ್ಕೆ ಇಷ್ಟು ಸಾಲದೆ?

ಈ ಕುಂಟನ್ನು ನಿವಾರಿಸಿದ ಕೀಲುಗಳಿಗೆ ಸಮವೇಗದ ಕೀಲುಗಳೆಂದು ಹೆಸರು. ಗ್ಯಾರೇಜಿನ ಭಾಷೆಯಲ್ಲಿ ಅದು ಸಿ.ವಿ. ಜಾಯಿಂಟ್. ಅದನ್ನು ಎರಡೂ ತುದಿಗೆ ಹೊತ್ತ ಅಚ್ಚು ಸಿ.ವಿ. ಆಕ್ಸಲ್, ಇಲ್ಲವೆ ಡ್ರೈವ್ ಶಾಫ್ಟ್. 1920ರ ದಶಕದಲ್ಲಿ ಅಮೆರಿಕದ ಆಲ್ಫ್ರೆಡ್ ಝೆಪ್ಪ ಎಂಬ ಎಂಜಿನಿಯರು ರೂಪಿಸಿದ ವಿನ್ಯಾಸವೇ ಇಂದಿನ ಬಹುಪಾಲು ಹೊರಗೀಲುಗಳ ಮೂಲ. ಬಟ್ಟಲಿನಂಥ ಹೊರಭಾಗ, ಅದರೊಳಗೆ ದುಂಡನೆಯ ಒಳಭಾಗ, ಎರಡರ ಮೈಮೇಲೂ ಕೊರೆದ ಆರು ಕಾಲುವೆಗಳು, ಕಾಲುವೆಗೊಂದರಂತೆ ಆರು ಉಕ್ಕಿನ ಗುಂಡುಗಳು, ಗುಂಡುಗಳು ಚದುರದಂತೆ ಹಿಡಿದ ಒಂದು ಪಂಜರ. ಕೀಲು ಎಷ್ಟು ಬಾಗಿದರೂ ಗುಂಡುಗಳೆಲ್ಲ ಆ ಕೋನವನ್ನು ಸರಿಯಾಗಿ ಎರಡು ಪಾಲು ಮಾಡುವ ಸಮತಲದಲ್ಲಿಯೇ ನಿಲ್ಲುತ್ತವೆ. ಅದರಿಂದಲೇ ಎರಡು ಕಡೆಯ ವೇಗವೂ ಸಮನಾಗುತ್ತದೆ. ಉಪಾಯ ಇಷ್ಟೇ. ಆದರೆ ಒಂದೊಂದು ಗುಂಡೂ ಕೂದಲೆಳೆಯಷ್ಟೂ ಸಡಿಲವಿಲ್ಲದೆ ಕೂರಬೇಕು.

ಎರಡನೆಯ ಮಹಾಯುದ್ಧದ ಜೀಪಿನ ಮುಂದಿನ ಚಕ್ರಗಳಲ್ಲಿ ಝೆಪ್ಪನ ಕೀಲೂ ಇತ್ತು, ಅದರ ಪ್ರತಿಸ್ಪರ್ಧಿಗಳೂ ಇದ್ದವು. ಕಾರ್ಖಾನೆಗೆ ಯಾವುದು ಒದಗಿತೋ ಅದನ್ನು ಹಾಕಿದರು. 1959ರಲ್ಲಿ ಬ್ರಿಟನ್ನಿನ ಪುಟ್ಟ ಮಿನಿ ಕಾರು ಈ ಕೀಲನ್ನೇ ನಂಬಿ ಮುಂದಿನ ಚಕ್ರಗಳಿಂದ ಓಡಿತು. ಅಲ್ಲಿಂದ ಮುಂದೆ ಅದು ಮನೆಮನೆಯ ವಸ್ತುವಾಯಿತು.

ಡಿಫರೆನ್ಷಿಯಲ್ಲಿನ ಕಡೆಗಿರುವ ಒಳಗೀಲಿನ ಕೆಲಸ ಸ್ವಲ್ಪ ಬೇರೆ. ಚಕ್ರ ಮೇಲೆ ಕೆಳಗೆ ಆಡುವಾಗ ಅಚ್ಚಿನ ಉದ್ದ ಹೆಚ್ಚುಕಡಿಮೆಯಾಗಬೇಕಲ್ಲವೆ? ಒಳಗೀಲು ಹೆಚ್ಚು ಬಾಗದಿದ್ದರೂ ಒಳಕ್ಕೂ ಹೊರಕ್ಕೂ ಜಾರುತ್ತದೆ. ಎರಡು ಕೀಲುಗಳನ್ನೂ ಮಡಿಕೆ ಮಡಿಕೆಯಾದ ರಬ್ಬರಿನ ಚೀಲವೊಂದು ಮುಚ್ಚಿರುತ್ತದೆ. ಅದಕ್ಕೆ ಬೂಟು ಎಂದು ಹೆಸರು. ಒಳಗೆ ಕಪ್ಪನೆಯ ಗ್ರೀಸು. ಅದೇ ಇಂದಿನ ಕೀಲೆಣ್ಣೆ.

ಸಾಯುವುದು ಉಕ್ಕಲ್ಲ

ಹಳೆಯ ಗಾಡಿಯ ಆಕ್ಸಲ್ ಸವೆದು ಸತ್ತಿತೆಂದು ಜನ ಹೇಳುತ್ತಾರೆ. ನಿಜವಾಗಿ ಮೊದಲು ಸಾಯುವುದು ಅಗ್ಗದ ಆ ರಬ್ಬರು. ವರ್ಷಗಳ ಬಿಸಿಲಿಗೂ ಬಿಸಿಗೂ ಅದು ಗಡುಸಾಗುತ್ತದೆ. ಮಡಿಕೆಯ ತಳದಲ್ಲಿ ಕೂದಲಿನಂಥ ಸೀಳು ಬಿಡುತ್ತದೆ. ಚಕ್ರ ತಿರುಗುವ ರಭಸಕ್ಕೆ ಗ್ರೀಸು ಆ ಸೀಳಿನಿಂದ ಹೊರಗೆ ಚಿಮ್ಮಿ, ಚಕ್ರದ ಒಳಮೈಗೆ ಕಪ್ಪು ಬಳಿಯುತ್ತದೆ. ಗ್ರೀಸು ಹೋದ ದಾರಿಯಲ್ಲಿಯೇ ನೀರೂ ಮಣ್ಣೂ ಒಳಗೆ ಬರುತ್ತವೆ. ಕೆಮ್ಮಣ್ಣಿನ ನುಣುಪು ಧೂಳು ಗ್ರೀಸಿನಲ್ಲಿ ಕಲೆಸಿದರೆ ಸಾಣೆ ಹಿಡಿಯುವ ಲೇಪವೇ ಆಯಿತು. ಮುಂದಿನದು ಕೆಲವು ನೂರು ಮೈಲಿಗಳ ಮಾತು.

ಹೀಗಿರುವುದರಿಂದ, ಹೊಸ ಆಕ್ಸಲ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಹಳೆಯದು ನಿಜವಾಗಿ ಹಾಳಾಗಿದೆಯೆ? ಪರೀಕ್ಷೆ ಕಷ್ಟವಲ್ಲ. ಬಯಲಿನಲ್ಲಿ ಸ್ಟಿಯರಿಂಗನ್ನು ಪೂರಾ ಒಂದು ಕಡೆಗೆ ತಿರುಗಿಸಿ ನಿಧಾನವಾಗಿ ಓಡಿಸಬೇಕು. ಆಮೇಲೆ ಇನ್ನೊಂದು ಕಡೆಗೆ. ತಾಳಬದ್ಧವಾಗಿ ಟಕಟಕ ಎಂದರೆ ಹೊರಗೀಲು ಹೋಗಿದೆ. ನೇರ ದಾರಿಯಲ್ಲಿ ಏರು ಹತ್ತುವಾಗ ಗಾಡಿ ಅದುರಿ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಅದುರು ನಿಂತರೆ ಒಳಗೀಲನ್ನು ಶಂಕಿಸಬೇಕು. ವೇಗದೊಡನೆ ಏರುವ ಗುಂಯ್‌ಗುಟ್ಟುವ ಸದ್ದು ಸಾಮಾನ್ಯವಾಗಿ ಚಕ್ರದ ಬೇರಿಂಗಿನದು. ಅದಕ್ಕಾಗಿ ಆಕ್ಸಲ್ ಬದಲಾಯಿಸಿದವರು ಹಣ ಕಳೆದುಕೊಂಡರೇ ಹೊರತು ಸದ್ದನ್ನು ಕಳೆದುಕೊಳ್ಳಲಿಲ್ಲ.

ಬೂಟು ಹರಿದಿದ್ದರೂ ಸದ್ದಿಲ್ಲವೆಂದಾದರೆ ಸುದಿನವೆಂದೇ ತಿಳಿಯಬೇಕು. ಅಚ್ಚನ್ನು ಹೊರತೆಗೆದು, ಕೀಲನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಕಾಲುವೆಗಳ ಮೇಲೆ ಉಗುರಾಡಿಸಿ ನೋಡಬೇಕು. ಹೊಳಪು ಬಂದಿರುವುದು ದೋಷವಲ್ಲ. ಉಗುರಿಗೆ ತಡೆಯುವ ಹಳ್ಳವಿದ್ದರೆ, ಸಿಡುಬಿನ ಕಲೆಯಂಥ ಚುಕ್ಕೆಗಳಿದ್ದರೆ, ಪಂಜರದಲ್ಲಿ ಸಣ್ಣ ಬಿರುಕಿದ್ದರೆ ಅದರ ಆಸೆ ಬಿಡಬೇಕು. ಇವೇನೂ ಇಲ್ಲದಿದ್ದರೆ ಹೊಸ ಬೂಟು, ಹೊಸ ಗ್ರೀಸು, ಹೊಸ ಪಟ್ಟಿ ಹಾಕಿ ಅದನ್ನೇ ಮತ್ತೆ ಕೂರಿಸುವುದು ಎಲ್ಲಕ್ಕಿಂತ ಉತ್ತಮವಾದ ಆಯ್ಕೆ. ಮೂಲ ಕಾರ್ಖಾನೆಯ ಉಕ್ಕು, ಅದರ ಹದ, ಅದರ ಅಳತೆ ಎಲ್ಲವೂ ಆ ಗಾಡಿಗೆಂದೇ ಹುಟ್ಟಿದವು. ಗ್ರೀಸು ಆರದೆ ಉಳಿದ ಕೀಲು ಎಂಜಿನ್ನಿನಷ್ಟೇ ಆಯುಷ್ಯ ಪಡೆದಿರುವುದು ಅಪರೂಪವಲ್ಲ.

ಬಿಚ್ಚಿ ತೊಳೆಯುವ ಕೆಲಸಕ್ಕೆ ಅರ್ಧ ದಿನ ಬೇಕು, ಕೈಯೆಲ್ಲ ಕಪ್ಪಾಗಬೇಕು. ಇಡೀ ಆಕ್ಸಲ್ ಬದಲಾಯಿಸುವುದು ಎಷ್ಟೋ ಬೇಗ ಮುಗಿಯುತ್ತದೆ. ಗ್ಯಾರೇಜುಗಳು ಎರಡನೆಯದನ್ನೇ ಸಲಹೆ ಮಾಡುವುದಕ್ಕೆ ಇದೂ ಒಂದು ಕಾರಣ. ಮೆಕ್ಯಾನಿಕ್ಕನನ್ನು ದೂಷಿಸಬೇಕಾಗಿಲ್ಲ, ಅವನ ಅರ್ಧ ದಿನಕ್ಕೂ ಬೆಲೆಯಿದೆ. ಆ ಬೆಲೆಯನ್ನು ಮುಂಚಿತವಾಗಿ ಒಪ್ಪಿಕೊಂಡರೆ ಅವನೂ ಮನಸ್ಸಿಟ್ಟು ಮಾಡುತ್ತಾನೆ.

ಅಂಗಡಿಯ ಮುಂದೆ

ಹಳೆಯದು ನಿಜವಾಗಿ ಹೋಗಿದೆಯೆಂದು ತೀರ್ಮಾನವಾದ ಮೇಲೆ ಆಯ್ಕೆಯ ತೊಡಕು ಮೊದಲಾಗುತ್ತದೆ. ಒಂದು, ಕಾರು ಕಂಪನಿಯ ಮುದ್ರೆಯಿರುವ ಹೊಸ ಆಕ್ಸಲ್. ಅದರ ಗುಣದ ಬಗೆಗೆ ಮಾತಿಲ್ಲ, ಬೆಲೆ ಕೇಳಿದವರಿಗೂ ಮಾತು ಹೊರಡುವುದಿಲ್ಲ. ಗಾಡಿ ತೀರ ಹಳೆಯದಾದರೆ ಅದು ಸಿಕ್ಕುವುದೂ ಕಷ್ಟ.

ಇಲ್ಲಿ ಒಂದು ಸಂಗತಿ ನೆನಪಿಡತಕ್ಕದ್ದು. ಕಾರು ಕಂಪನಿಗಳಲ್ಲಿ ಬಹಳಷ್ಟು ಈ ಕೀಲುಗಳನ್ನು ತಾವೇ ತಯಾರಿಸುವುದಿಲ್ಲ. ಇದರಲ್ಲಿಯೇ ಪಳಗಿದ ಕಾರ್ಖಾನೆಗಳಿಂದ ಕೊಳ್ಳುತ್ತವೆ. ಮಿನಿಗೆ ಕೀಲು ಒದಗಿಸಿದ ಬರ್ಫೀಲ್ಡ್ ಸಂಸ್ಥೆಯನ್ನು 1966ರಲ್ಲಿ ಜಿ.ಕೆ.ಎನ್. ಎಂಬ ಬ್ರಿಟಿಷ್ ಸಂಸ್ಥೆ ಕೊಂಡಿತು. ಆ ಪರಂಪರೆಯ ಕಾರ್ಖಾನೆ ನಮ್ಮ ದೇಶದ ಫರೀದಾಬಾದಿನಲ್ಲಿಯೂ ಇದೆ. ಜಪಾನಿನ ಎನ್.ಟಿ.ಎನ್. ಇನ್ನೊಂದು ದೊಡ್ಡ ಹೆಸರು. ಹಳೆಯ ಆಕ್ಸಲಿನ ಬಟ್ಟಲಿನ ಮೇಲಿನ ಕೊಳೆಯನ್ನು ಒರೆಸಿದರೆ ನಿಜವಾದ ತಯಾರಕನ ಗುರುತು ಹಲವು ವೇಳೆ ಕಾಣಸಿಗುತ್ತದೆ. ಅದೇ ತಯಾರಕನ ಮಾಲು, ಕಾರು ಕಂಪನಿಯ ಡಬ್ಬಿಯಿಲ್ಲದೆ, ಕಡಿಮೆ ಬೆಲೆಗೆ ದೊರೆತರೆ ಅದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಕಣ್ಣುಮುಚ್ಚಿ ಎಂದರೆ ಡಬ್ಬಿಯನ್ನು ಮಾತ್ರ ನೋಡಿ ಎಂದಲ್ಲ. ಡಬ್ಬಿಯ ನಕಲೂ ಪೇಟೆಯಲ್ಲಿದೆ. ಗುರುತು ಉಕ್ಕಿನ ಮೇಲಿರಬೇಕು.

ಇನ್ನೊಂದು ಬಗೆ, ‘ರೀಕಂಡಿಷನ್’ ಮಾಡಿದ ಆಕ್ಸಲ್. ನೋಡುವುದಕ್ಕೆ ಹೊಸ ಬಣ್ಣ, ಹೊಸ ಬೂಟು. ಒಳಗಿನ ಕಥೆ ಬೇರೆಯಿರಬಹುದು. ಗುಂಡುಗಳು ಓಡಾಡುವ ಕಾಲುವೆಯ ಮೈಯನ್ನು ಕಾಯಿಸಿ ತಣಿಸಿ ಗಡುಸಾಗಿಸಿರುತ್ತಾರೆ. ಆ ಗಡಸು ಪದರದ ದಪ್ಪ ಕೆಲವೇ ಮಿಲಿಮೀಟರು. ಅದರ ಕೆಳಗಿನ ಉಕ್ಕು ಉದ್ದೇಶಪೂರ್ವಕವಾಗಿಯೇ ಮೆದು, ಏಕೆಂದರೆ ಹೊಡೆತ ತಿಂದರೂ ಅದು ಸಿಡಿಯಬಾರದು. ಸವೆದ ಕೀಲನ್ನು ಸಾಣೆ ಹಿಡಿದು ನುಣುಪು ಮಾಡಿ ದೊಡ್ಡ ಗುಂಡು ಹಾಕುವುದು ರೀಕಂಡಿಷನ್ನಿನ ಒಂದು ಪದ್ಧತಿ. ಸಾಣೆಗೆ ಹೋದದ್ದು ಅದೇ ಗಡಸು ಪದರ. ಉಳಿದ ತೆಳುಪದರ ಕೆಲವು ತಿಂಗಳು ತಾಳಿ ಕುಸಿಯುತ್ತದೆ. ಆಮೇಲೆ ಗುಂಡು ಮೆದು ಉಕ್ಕಿನಲ್ಲಿ ಬೆಣ್ಣೆಯೊಳಗಿನ ಬೆರಳಿನಂತೆ ಇಳಿಯುತ್ತದೆ. ಮಾಡಿದವರು ಬಲ್ಲವರಾಗಿ, ಒಳ್ಳೆಯ ಮೂಲವನ್ನೇ ಆರಿಸಿ ಬಿಚ್ಚಿ ಬೂಟು ಬದಲಾಯಿಸಿದ್ದಾದರೆ ಅದು ಬೇರೆ ಮಾತು. ಆದರೆ ಬಣ್ಣ ಬಳಿದ ಮೇಲೆ ಯಾವುದು ಯಾವ ಬಗೆಯದೆಂದು ಹೇಳುವವರಾರು?

ಅಗ್ಗದ ಹೊಸ ಮಾಲಿನ ವಿಷಯ ಇದಕ್ಕೆ ಸಮೀಪದ್ದೇ. ಅದರಲ್ಲಿ ಕೆಲವು ಚೆನ್ನಾಗಿಯೇ ನಡೆಯುತ್ತವೆ, ಸುಳ್ಳಾಡಬಾರದು. ನಗರದ ಚಿಕ್ಕ ಕಾರಿಗೆ ಹಾಕಿ ನಾಲ್ಕು ವರ್ಷ ನಿಶ್ಚಿಂತೆಯಿಂದ ಇದ್ದವರಿದ್ದಾರೆ. ಫೋರ್ ವೀಲ್ ಗಾಡಿಯ ಪಾಡು ಬೇರೆ. ಲೋ ಗೇರಿನಲ್ಲಿ ಚಕ್ರಕ್ಕೆ ಹರಿಯುವ ತಿರುಚುಬಲ ಎರಡು ಪಟ್ಟಿಗಿಂತಲೂ ಹೆಚ್ಚುವುದುಂಟು. ಅಳತೆಯಲ್ಲಿ ಸರಿಯಾಗಿದ್ದು ಉಕ್ಕಿನ ಹದದಲ್ಲಿ ತಪ್ಪಿದ ಅಚ್ಚು ಅಲ್ಲಿ ತನ್ನ ಬಣ್ಣ ತೋರಿಸುತ್ತದೆ.

ಗುಜರಿಯಿಂದ ತಂದ ಮೂಲ ಆಕ್ಸಲ್ ಮತ್ತೊಂದು ದಾರಿ. ಬೂಟು ಹರಿಯದೆ, ಗ್ರೀಸು ಕೆಡದೆ ಉಳಿದದ್ದು ದೊರೆತರೆ ಬಣ್ಣ ಬಳಿದ ಹೊಸದಕ್ಕಿಂತ ಇದು ಮೇಲು. ಕೊಂಡ ಮೇಲೆ ಬಿಚ್ಚಿ ನೋಡದೆ ಹಾಕಿಸಬಾರದು, ಅಷ್ಟೇ.

ಅಂಗಡಿಗೆ ಹೋಗುವಾಗ ಹಳೆಯ ಆಕ್ಸಲನ್ನು ಗೋಣಿಯಲ್ಲಿ ಸುತ್ತಿ ಕೊಂಡೊಯ್ಯುವುದು ಜಾಣತನ. ಒಂದೇ ಹೆಸರಿನ ಗಾಡಿಯಲ್ಲಿ ಒಂದು ವರ್ಷದ ಅಚ್ಚು ಮರುವರ್ಷದ್ದಕ್ಕೆ ಹೊಂದದಿರಬಹುದು. ಎರಡನ್ನೂ ಪಕ್ಕದಲ್ಲಿಟ್ಟು ಉದ್ದ ಅಳೆಯಬೇಕು. ಎರಡು ತುದಿಗಳ ಹಲ್ಲುಗಳನ್ನು ಎಣಿಸಬೇಕು. ನಡುವಿನ ಸರಳಿನ ದಪ್ಪ ನೋಡಬೇಕು. ಆಯಿಲ್ ಸೀಲ್ ಕೂರುವ ಜಾಗ ಗೀರಿಲ್ಲದೆ ಕನ್ನಡಿಯಂತಿದೆಯೇ ಎಂದು ಬೆರಳಾಡಿಸಬೇಕು. ಎ.ಬಿ.ಎಸ್. ಬ್ರೇಕಿನ ಗಾಡಿಗಳಲ್ಲಿ ಹೊರಗೀಲಿನ ಮೇಲೆ ಹಲ್ಲಿನ ಬಳೆಯೊಂದು ಇರುವುದುಂಟು; ಹಳೆಯದರಲ್ಲಿದ್ದರೆ ಹೊಸದರಲ್ಲಿಯೂ ಇರಬೇಕು, ಹಲ್ಲುಗಳ ಸಂಖ್ಯೆಯೂ ಒಂದೇ ಇರಬೇಕು. ಕೀಲನ್ನು ಕೈಯಲ್ಲಿ ಹಿಡಿದು ಬಾಗಿಸಿದರೆ ಬಿಗಿಯಾಗಿ, ನುಣುಪಾಗಿ ಹೊರಳಬೇಕು. ಹೊಸದರಲ್ಲಿಯೇ ಕಟಕಟ ಎಂದರೆ ಅಲ್ಲಿಯೇ ನಮಸ್ಕಾರ ಹೇಳಿ ಬರುವುದು.

ಮತ್ತೆ ಬೂಟಿನ ಮಾತು. ಎರಡು ಬಗೆ ಬಹಳವಾಗಿ ಬಳಕೆಯಲ್ಲಿವೆ: ನಿಯೋಪ್ರೀನ್ ರಬ್ಬರಿನದು ಮೆತ್ತಗೆ ಬಾಗುತ್ತದೆ, ಪ್ಲಾಸ್ಟಿಕ್ಕಿನ ಜಾತಿಗೆ ಸೇರಿದ ಗಡುಸು ಬೂಟು ಕಲ್ಲುಮುಳ್ಳಿನ ಏಟನ್ನೂ ಬಿಸಿಯನ್ನೂ ಹೆಚ್ಚು ತಾಳುತ್ತದೆ. ತಯಾರಕನು ಯಾವ ಕೀಲಿಗೆ ಯಾವುದನ್ನು ಹಾಕಿದ್ದನೋ ಅದನ್ನೇ ಹಾಕುವುದು ಕ್ಷೇಮ. ಅಚ್ಚನ್ನು ಬಿಚ್ಚದೆಯೇ ಸುತ್ತಿ ಅಂಟಿಸುವ ಸೀಳುಬೂಟುಗಳು ಊರು ಸೇರುವುದಕ್ಕೆ ಸರಿ, ಸಂಸಾರಕ್ಕಲ್ಲ. ಬೂಟಿನ ಕೊರಳಿಗೆ ಬಿಗಿಯುವ ಪಟ್ಟಿ ಉಕ್ಕಿನದಾಗಿರಬೇಕು. ವೈರು ಕಟ್ಟುವ ಪ್ಲಾಸ್ಟಿಕ್ ದಾರವನ್ನು ಬಿಗಿದು ಕಳುಹಿಸುವ ಗ್ಯಾರೇಜು ಇದ್ದರೆ ಆ ಕಡೆಗೆ ಮತ್ತೆ ತಲೆಹಾಕಬಾರದು. ಗ್ರೀಸಿನಲ್ಲಿಯೂ ಭೇದವಿದೆ. ಹೊರಗೀಲಿಗೆ ಬೇಕಾದದ್ದು ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆತ ಕಪ್ಪು ಗ್ರೀಸು. ಒತ್ತಡದಲ್ಲಿ ಎಣ್ಣೆಯ ಪದರ ಹರಿದರೂ ಅದರ ಕಣಗಳು ಉಕ್ಕಿಗೂ ಉಕ್ಕಿಗೂ ನಡುವೆ ನಿಲ್ಲುತ್ತವೆ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸನ್ನು ತುಂಬಿ ಕೈತೊಳೆದುಕೊಂಡರೆ ಹೊಸ ಆಕ್ಸಲಿನ ಹಣ ನೀರಿನಲ್ಲಿ ಹೋದಂತೆಯೇ. ಬೂಟಿನ ಜೊತೆ ಬರುವ ಪೊಟ್ಟಣದಲ್ಲಿ ಅಳೆದಿಟ್ಟಿರುವಷ್ಟನ್ನೂ ಹಾಕಬೇಕು. ಅಗ್ಗದ ಆಕ್ಸಲುಗಳಲ್ಲಿ ಗ್ರೀಸಿಗೇ ಜಿಪುಣತನ ಮಾಡಿರುವುದುಂಟು; ಹೊಸದಾದರೂ ಒಮ್ಮೆ ಬೂಟಿನ ಪಟ್ಟಿ ಬಿಚ್ಚಿ ನೋಡಿದರೆ ನಷ್ಟವಿಲ್ಲ.

ಬೂಟೇ ಇಲ್ಲದ ಜಿಪ್ಸಿ

ಇಷ್ಟೆಲ್ಲ ಕೇಳಿ ಮಾರುತಿ ಜಿಪ್ಸಿಯ ಯಜಮಾನರು ತಮ್ಮ ಗಾಡಿಯ ಅಡಿಯಲ್ಲಿ ಬೂಟನ್ನು ಹುಡುಕಿದರೆ ಅದು ಸಿಕ್ಕುವುದಿಲ್ಲ. 1985ರಲ್ಲಿ ನಮ್ಮ ರಸ್ತೆಗಳಿಗೆ ಬಂದ ಈ ಗಾಡಿಯ ಮುಂದಿನ ಅಚ್ಚು ಹಳೆಯ ಸಂಪ್ರದಾಯದ ಒಂದೇ ತುಂಡಿನ ಗಟ್ಟಿ ಕೊಳವೆ. ಚಕ್ರ ಹೊರಳುವ ಜಾಗದಲ್ಲಿ ಉಕ್ಕಿನ ಗುಂಡನೆಯ ಗೂಡೊಂದಿದೆ. ಸಮವೇಗದ ಕೀಲು ಆ ಗೂಡಿನೊಳಗೆ ಗ್ರೀಸಿನಲ್ಲಿ ಮುಳುಗಿ ಭದ್ರವಾಗಿ ಕುಳಿತಿರುತ್ತದೆ. ಮುಳ್ಳು ಕಲ್ಲುಗಳ ಭಯ ಅದಕ್ಕಿಲ್ಲ. ಕಾಫಿ ತೋಟದವರು ಇಂದಿಗೂ ಅದನ್ನು ಮುದ್ದಿಸುವುದಕ್ಕೆ ಇಂಥ ಕಾರಣಗಳೂ ಇವೆ.

ಅದಕ್ಕೂ ಶತ್ರುವಿದೆ, ಆದರೆ ಅವನು ಮನೆಯೊಳಗಿನವನು. ಡಿಫರೆನ್ಷಿಯಲ್ಲಿನ ಗೇರ್ ಆಯಿಲನ್ನು ತಡೆದು ನಿಲ್ಲಿಸುವ ಒಳಗಿನ ಸೀಲು ಸವೆದರೆ, ತೆಳುವಾದ ಆ ಎಣ್ಣೆ ಗೂಡಿಗೆ ಹರಿದು ಗ್ರೀಸನ್ನು ಗಂಜಿಯಂತೆ ಕರಗಿಸುತ್ತದೆ. ಗೂಡಿನ ಹೊರಮೈಯಲ್ಲಿ ಎಣ್ಣೆ ಜಿನುಗಿ ಟೈರಿನ ಒಳಬದಿ ಒದ್ದೆಯಾದರೆ ಅದೇ ಸೂಚನೆ. ಅಂಥ ಗಾಡಿಗೆ ಬೆಲೆಬಾಳುವ ಹೊಸ ಕೀಲು ತಂದು ಹಳೆಯ ಸೀಲನ್ನೇ ಬಿಟ್ಟರೆ ಒಡೆದ ಕೊಡಕ್ಕೆ ಬೆಳ್ಳಿಯ ಮುಚ್ಚಳ ಹಾಕಿದಂತೆ. ಸೀಲು, ಗೂಡಿನ ಹೊರಬಾಯಿಯ ಒರೆಸುಪಟ್ಟಿ, ಚಕ್ರ ಹೊರಳುವ ಬೇರಿಂಗು—ಇವು ಮೂರನ್ನೂ ಅದೇ ದಿನ ಬದಲಾಯಿಸುವುದು ವಿಹಿತ. ಈ ಬಗೆಯ ಗೂಡಿನಲ್ಲಿ ಕೀಲು ಒಡೆದು ಚೂರಾದರೆ ಚೂರುಗಳು ಸಿಕ್ಕಿಕೊಂಡು ಸ್ಟಿಯರಿಂಗ್ ಹೊರಳದೆ ನಿಲ್ಲುವ ಅಪಾಯವಿದೆ. ಘಟ್ಟದ ಇಳಿಜಾರಿನಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗಟ್ಟಿತನಕ್ಕೂ ಮಿತಿ

ಸಾಹಸದ ಓಟಗಳಲ್ಲಿ ಆಸಕ್ತಿಯುಳ್ಳ ತರುಣರು ಕ್ರೋಮಿಯಂ–ಮಾಲಿಬ್ಡಿನಮ್ ಬೆರೆತ ಉಕ್ಕಿನ ವಿಶೇಷ ಆಕ್ಸಲುಗಳ ಹೆಸರು ಹೇಳುತ್ತಾರೆ. ಅವು ಗಟ್ಟಿ, ನಿಜ. ದೊಡ್ಡ ಟೈರು ಹಾಕಿ, ಡಿಫರೆನ್ಷಿಯಲ್ಲಿಗೆ ಬೀಗ ಜಡಿದು ಬಂಡೆ ಹತ್ತಿಸುವವರಿಗೆ ಬೇಕಾದವು. ಸಂಸಾರಸ್ಥನ ಗಾಡಿಗೆ ಅವು ಅನಾವಶ್ಯಕವಷ್ಟೇ ಅಲ್ಲ, ಕೆಲವು ವೇಳೆ ದುಬಾರಿಯ ಪಾಠವೂ ಆಗುತ್ತವೆ. ಸರಪಳಿಯಲ್ಲಿ ಎಲ್ಲಿಯೋ ಒಂದು ಕಡೆ ದುರ್ಬಲ ಕೊಂಡಿ ಇದ್ದೇ ಇರುತ್ತದೆ. ಅಚ್ಚು ಮುರಿಯದಿದ್ದರೆ ಆ ಬಲ ಒಳಗೆ ಹೋಗಿ ಡಿಫರೆನ್ಷಿಯಲ್ಲಿನ ಕ್ರೌನು ಪಿನಿಯನ್ನುಗಳ ಹಲ್ಲು ಮುರಿಯುತ್ತದೆ. ಮನೆಯ ಫ್ಯೂಸಿಗೆ ತಂತಿಯ ಬದಲು ಮೊಳೆ ಹಾಕಿದವನ ಬುದ್ಧಿವಂತಿಕೆ ಇದು.

ಅಚ್ಚು ಮುರಿಯುವ ಸಂದರ್ಭವನ್ನು ಗಮನಿಸಿದರೆ ಉಕ್ಕಿಗಿಂತ ಕಾಲಿನ ಪಾತ್ರವೇ ಹೆಚ್ಚೆಂದು ತಿಳಿಯುತ್ತದೆ. ಕೀಲು ಬಾಗಿದಷ್ಟೂ ಅದರ ತಾಳಿಕೆ ಕಡಿಮೆ. ಸ್ಟಿಯರಿಂಗನ್ನು ಪೂರಾ ತಿರುಗಿಸಿಕೊಂಡು, ಚಕ್ರ ಕಲ್ಲಿಗೆ ಸಿಕ್ಕಿರುವಾಗ ಆಕ್ಸಿಲರೇಟರನ್ನು ರಭಸದಿಂದ ತುಳಿಯುವುದು. ಅಥವಾ ಗಾಳಿಯಲ್ಲಿ ಗಿರಗಿರನೆ ಸುತ್ತುತ್ತಿರುವ ಚಕ್ರ ಒಮ್ಮೆಲೇ ನೆಲ ಕಚ್ಚುವುದು—ಒಳ್ಳೆಯ ಆಕ್ಸಲುಗಳೂ ಪ್ರಾಣಬಿಡುವುದು ಹೀಗೆ. ಸ್ಟಿಯರಿಂಗನ್ನು ಕಾಲು ಸುತ್ತು ನೇರಕ್ಕೆ ತಂದು ಮೆಲ್ಲಗೆ ತುಳಿದರೆ ಅದೇ ಅಚ್ಚು ಅದೇ ಏರನ್ನು ಹತ್ತುತ್ತದೆ.

ಗಾಡಿಯ ಎತ್ತರದ ವಿಷಯದಲ್ಲಿಯೂ ಎಚ್ಚರ ಬೇಕು. ಟಾಟಾ ಸಫಾರಿಯ ಹಳೆಯ ಮಾದರಿ, ಚೆನ್ನೈ ಬಳಿ 2002ರಿಂದ ಹತ್ತು ವರ್ಷ ತಯಾರಾದ ಪಜೆರೊ ಮುಂತಾದವುಗಳ ಮುಂಭಾಗವನ್ನು ಹೊತ್ತಿರುವುದು ಟಾರ್ಷನ್ ಬಾರ್ ಎಂಬ ತಿರುಚುವ ಸರಳು. ಒಂದು ಬೋಲ್ಟನ್ನು ಬಿಗಿದರೆ ಗಾಡಿಯ ಮೂತಿ ಎರಡು ಅಂಗುಲ ಮೇಲೇಳುತ್ತದೆ. ನೋಡಲು ಠೀವಿ ಬರುತ್ತದೆ. ಆದರೆ ಅಂದಿನಿಂದ ಆ ಎರಡು ಕೀಲುಗಳು ನೇರ ದಾರಿಯಲ್ಲಿಯೂ ಬಾಗಿಕೊಂಡೇ ತಿರುಗಬೇಕು. ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಬೇಗನೆ ಹರಿಯುತ್ತವೆ. ವರ್ಷಕ್ಕೊಂದು ಬೂಟು ತಿನ್ನುವ ಗಾಡಿಯಿದ್ದರೆ ಆಕ್ಸಲನ್ನು ಬಯ್ಯುವ ಮೊದಲು ಟೇಪು ಹಿಡಿದು ಎತ್ತರವನ್ನು ಅಳೆಯುವುದು ಲೇಸು.

ಎಲ್ಲ ಗಾಡಿಗಳ ಮುಂದಿನ ಅಚ್ಚುಗಳೂ ಒಂದೇ ಸಮನೆ ದುಡಿಯುವುದಿಲ್ಲವೆಂಬುದನ್ನೂ ಗಮನಿಸಬೇಕು. 2009ರಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಮೊದಲ ಪೀಳಿಗೆಯ ಫೋರ್ ವೀಲ್ ಫಾರ್ಚೂನರಿನಲ್ಲಿ ಬಲ ಸದಾಕಾಲ ನಾಲ್ಕೂ ಚಕ್ರಗಳಿಗೆ ಹರಿಯುತ್ತದೆ. ಬೆಂಗಳೂರಿನಿಂದ ಹಾಸನಕ್ಕೆ ಹೋದರೂ ಮುಂದಿನ ಕೀಲುಗಳಿಗೆ ಬಿಡುವಿಲ್ಲ. ಅಂಥ ಗಾಡಿಗೆ ಒಳ್ಳೆಯ ಆಕ್ಸಲಿನ ಮೇಲೆ ಹಾಕಿದ ಹಣ ದಿನವೂ ದುಡಿಯುತ್ತದೆ. ಮುಂದಿನ ಹಬ್ಬುಗಳನ್ನು ಬಿಡಿಸಿಡಬಹುದಾದ ಗಾಡಿಗಳಲ್ಲಿ ಅಚ್ಚು ಊರ ದಾರಿಯಲ್ಲಿ ಸುಮ್ಮನೆ ನಿಂತಿರುತ್ತದೆ. ಸುಮ್ಮನಿರುವುದೂ ಒಳ್ಳೆಯದಲ್ಲ, ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಫೋರ್ ವೀಲ್ ಹಾಕಿ ನಾಲ್ಕಾರು ಕಿಲೋಮೀಟರು ಓಡಿಸಿದರೆ ಗ್ರೀಸು ಮತ್ತೆ ಎಲ್ಲ ಕಡೆಗೂ ಹರಡುತ್ತದೆ.

ಒಳ್ಳೆಯ ಆಕ್ಸಲನ್ನು ಕೆಟ್ಟದಾಗಿ ಜೋಡಿಸಿದರೂ ಫಲ ಒಂದೇ. ಡಿಫರೆನ್ಷಿಯಲ್ಲಿನ ಆಯಿಲ್ ಸೀಲನ್ನು ಅದೇ ಕೈಯಲ್ಲಿ ಹೊಸದು ಮಾಡಬೇಕು, ಸೋರಿದಷ್ಟು ಎಣ್ಣೆಯನ್ನು ತುಂಬಬೇಕು. ಚಕ್ರದ ನಡುವಿನ ದೊಡ್ಡ ನಟ್ಟನ್ನು ಸುತ್ತಿಗೆಯ ಏಟಿನಿಂದಲ್ಲ, ಪುಸ್ತಕದಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಆಕ್ಸಲನ್ನು ನಡುವಿನ ಸರಳು ಹಿಡಿದು ಎಳೆದರೆ ಒಳಗೀಲು ಕಳಚಿ ಬರಬಹುದು. ಅವಸರದ ಕೈಗಳಿಗೆ ಇದು ತಿಳಿಯುವುದಿಲ್ಲ. 500 ಕಿಲೋಮೀಟರು ಓಡಿದ ಮೇಲೆ ಬಗ್ಗಿ ನೋಡಿ, ಬೂಟಿನ ಪಟ್ಟಿಯ ಬಳಿ ಗ್ರೀಸು ಜಿನುಗಿಲ್ಲವೆಂದು ಖಚಿತಪಡಿಸಿಕೊಂಡರೆ ಆಯಿತು. ಆಮೇಲೆ ಪ್ರತಿ ಮಳೆಗಾಲದ ಹಿಂದೆ ಮುಂದೆ ಒಮ್ಮೊಮ್ಮೆ ಟಾರ್ಚು ಹಿಡಿದು ನೋಡಿದರೆ ಸಾಕು. ಮನೆಯ ಹುಡುಗರಿಗೆ ಹೇಳಿಕೊಟ್ಟರೆ ಅವರೇ ಉತ್ಸಾಹದಿಂದ ನೋಡುತ್ತಾರೆ.

ಇಷ್ಟಾದರೂ ದಾರಿಯಲ್ಲಿ ಮುಂದಿನ ಅಚ್ಚು ಮುರಿದರೆ? ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವ ಗಾಡಿಯಾದರೆ ಭಯವಿಲ್ಲ. ಲೀವರನ್ನು ಟೂ ವೀಲಿಗೆ ತಂದು, ಹಬ್ಬುಗಳನ್ನು ಬಿಡಿಸಿ, ಹಿಂದಿನ ಚಕ್ರಗಳ ಬಲದಲ್ಲಿ ಮೆಲ್ಲಗೆ ಊರು ಸೇರಬಹುದು. ಸದಾಕಾಲ ನಾಲ್ಕು ಚಕ್ರಕ್ಕೂ ಬಲ ಹರಿಯುವ ಗಾಡಿಯಲ್ಲಿ ಎಂಜಿನ್ ಕೂಗುತ್ತಿದ್ದರೂ ಗಾಡಿ ಕದಲದೆ ನಿಲ್ಲಬಹುದು. ಬಲವೆಲ್ಲ ಮುರಿದ ಕಡೆಗೇ ಸೋರಿಹೋಗಿರುತ್ತದೆ. ಆಗ ನಡುವಿನ ಡಿಫರೆನ್ಷಿಯಲ್ಲಿನ ಲಾಕನ್ನು ಹಾಕಿದರೆ ಹಿಂದಿನ ಚಕ್ರಗಳಿಗೆ ಬಲ ಮರಳಿ ಬರುತ್ತದೆ. ಯಾವ ಗಾಡಿಯೇ ಆಗಲಿ, ಮುರಿದ ತುದಿ ಬ್ರೇಕಿನ ಪೈಪಿಗೆ ಬಡಿಯುತ್ತಿಲ್ಲವೇ, ಸ್ಟಿಯರಿಂಗ್ ಎರಡೂ ಕಡೆ ಸರಾಗವಾಗಿ ಹೊರಳುತ್ತಿದೆಯೇ ಎಂದು ಇಳಿದು ನೋಡಿಯೇ ಹೊರಡಬೇಕು. ಹೊರಳದಿದ್ದರೆ ಲಾರಿಯೊಂದನ್ನು ಕಾಯುವುದೇ ಸರಿ, ಮಳೆ ಎಷ್ಟೇ ಇರಲಿ.

ಬಿಚ್ಚಿದ ಹಳೆಯ ಆಕ್ಸಲನ್ನು ಗುಜರಿಯವನ ತಕ್ಕಡಿಗೆ ಹಾಕುವ ಅವಸರ ಬೇಡ. ಒಳಗೀಲು ಹೋಗಿ ಹೊರಗೀಲು ಚೆನ್ನಾಗಿದ್ದರೆ, ಅಥವಾ ಬರಿಯ ಬೂಟು ಹರಿದದ್ದಾಗಿದ್ದರೆ, ಬಿಡುವಿನ ದಿನ ತೊಳೆದು ಗ್ರೀಸು ತುಂಬಿ ಬೂಟು ಹಾಕಿಸಿ ಗೋಣಿಯಲ್ಲಿ ಸುತ್ತಿಡಬಹುದು. ಹಿಂದಿನ ಸೀಟಿನ ಕೆಳಗೆ, ಜಾಕಿನ ಪಕ್ಕದಲ್ಲಿ, ಅದಕ್ಕೆ ಬೇಕಾದಷ್ಟು ಜಾಗ ಇದ್ದೇ ಇರುತ್ತದೆ.